538 ರೂಪಾಯಿನ ಚೀಟಿ

ಅಪ್ಪನ ಬಲಗಾಲಿಗೆ ಕೋರ್ಟು ಬೆಲೆ ಕಟ್ಟಿತು. 6,40,000 ರೂಪಾಯಿ, ಅದರ ಮೇಲೆ ಬಡ್ಡಿ. ತೀರ್ಪಿನ ದಿನ ವಕೀಲರು ನನ್ನ ಬೆನ್ನು ತಟ್ಟಿ, ‘ಗೆದ್ವಲ್ಲ ಮೇಷ್ಟ್ರೇ’ ಅಂದರು. ಬಸ್‌ಸ್ಟ್ಯಾಂಡಿನಲ್ಲಿ ಅವ್ವನಿಗೆ ಟೀ ಕುಡಿಸಿ, ಬನ್ನು ಕೊಡಿಸಿ ಊರಿಗೆ ಕರಕೊಂಡು ಬಂದೆ. ಅದು 2025ರ ಶುರುವಿನಲ್ಲಿ. ಆ ದುಡ್ಡಿನಲ್ಲಿ ಇವತ್ತಿನವರೆಗೆ ನಮ್ಮ ಕೈ ಸೇರಿರುವುದು 14,000 ರೂಪಾಯಿ.

ನಡೆದದ್ದು ಇಷ್ಟು. 2022ರ ದೀಪಾವಳಿ ಕಳೆದ ವಾರ. ಅಪ್ಪ ಕೂಲಿ ಮುಗಿಸಿ, ಟವೆಲ್ಲು ತಲೆಗೆ ಸುತ್ತಿಕೊಂಡು ರಸ್ತೆಯ ಅಂಚಿನಲ್ಲೇ ಮನೆಗೆ ಬರುತ್ತಿದ್ದ. ಮಬ್ಬುಗತ್ತಲು. ಪಕ್ಕದೂರಿನ ಹುಡುಗನೊಬ್ಬ ಹಳೇ ಮೊಪೆಡ್ಡಿನ ಮೇಲೆ ಹುಲ್ಲಿನ ಹೊರೆ ಹೇರಿಕೊಂಡು ಬಂದು ಹಿಂದಿನಿಂದ ಗುದ್ದಿದ. ಅವನ ಗಾಡಿಗೆ ದೀಪವಿರಲಿಲ್ಲ. ಅಪ್ಪ ಚರಂಡಿಗೆ ಬಿದ್ದ, ಗಾಡಿ ಅವನ ಕಾಲ ಮೇಲೆ ಬಿತ್ತು. ಮೂಳೆ ಚೂರಾಗಿತ್ತು. ಕೀವು ಏರಿ ಮೂರನೇ ವಾರಕ್ಕೆ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಆ ಹುಡುಗ ಓಡಿಹೋಗಲಿಲ್ಲ. ಅದನ್ನು ಮೊದಲು ಹೇಳಬೇಕು. ಅಪ್ಪನನ್ನು ತಾನೇ ಎತ್ತಿ, ಆಟೋ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದವನು ಅವನೇ. ನಾನು ಹೋಗಿ ನೋಡಿದಾಗ ಅವನ ಅಂಗಿಯೆಲ್ಲ ನನ್ನ ಅಪ್ಪನ ರಕ್ತ. ಹೊಡೆಯಬೇಕೆಂದು ಎತ್ತಿದ ಕೈ ಕೆಳಗಿಳಿಯಿತು.

ಠಾಣೆಯಲ್ಲಿ ‘ಇನ್ಶೂರೆನ್ಸ್ ಎಲ್ಲಯ್ಯ?’ ಅಂದರು. ಹುಡುಗ ಪ್ಲಾಸ್ಟಿಕ್ ಕವರು ಬಿಚ್ಚಿದ. ಅದರಲ್ಲಿ ಆರ್‌ಸಿಯ ಜೆರಾಕ್ಸು, ದೇವರ ಪಟ, ಮಡಿಸಿ ಮಡಿಸಿ ಹರಿದಿದ್ದ ವಿಮೆಯ ಕಾಗದ. ಅವಧಿ ಮುಗಿದು ಮೂರು ವರ್ಷವಾಗಿತ್ತು.

ಆಗ ನನಗೆ ಇದರ ಅರ್ಥವಾಗಲಿಲ್ಲ. ಕೋರ್ಟಿಗೆ ತಿರುಗಿ ತಿರುಗಿ ಕಲಿತೆ. 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮು, ರಸ್ತೆಗಿಳಿಯುವ ಗಾಡಿಗೆ ಮೂರನೆಯವರ ವಿಮೆ ಇರಲೇಬೇಕು ಅನ್ನುತ್ತದೆ. ಮೂರನೆಯವರು ಅಂದರೆ ಯಾರು? ಒಂದನೆಯವನು ಗಾಡಿಯವನು, ಎರಡನೆಯದು ಕಂಪನಿ. ಮೂರನೆಯವನು ದಾರಿಯಲ್ಲಿ ನಡೆದುಬರುತ್ತಿದ್ದ ನನ್ನ ಅಪ್ಪ. ಆ ಕಾಗದ ಇದ್ದಿದ್ದರೆ ಕೋರ್ಟು ಹೇಳಿದ ಪರಿಹಾರವನ್ನು ಕಂಪನಿ ಕಟ್ಟಬೇಕಿತ್ತು. ಸಾವಿಗಾಗಲಿ ಗಾಯಕ್ಕಾಗಲಿ ಇಷ್ಟೇ ಕೊಡುತ್ತೇನೆ ಎಂಬ ಮಿತಿ ಆ ವಿಮೆಗಿಲ್ಲ. ಕಾಗದ ಇಲ್ಲದಿದ್ದರೆ ಗಾಡಿಯವನೇ ಕಟ್ಟಬೇಕು.

ಆ ಕಾಗದದ ಬೆಲೆ ಎಷ್ಟು? 75 ಸಿಸಿ ಮೀರದ ಎಂಜಿನ್ನಿನ ಗಾಡಿಗೆ 2022ರ ಜೂನ್ 1ರಿಂದ ಗೊತ್ತುಮಾಡಿದ ವರ್ಷದ ದರ 538 ರೂಪಾಯಿ. ಅದರ ಮೇಲೆ ಜಿಎಸ್‌ಟಿ, ಮಾಲೀಕನ ಸ್ವಂತ ಅಪಘಾತದ ವಿಮೆ. ಆದರೂ ಎರಡು ಮೂರು ದಿನದ ಕೂಲಿ. ಅದು ಇಲ್ಲದೆ ಎರಡು ಮನೆ ಮುಳುಗಿದವು.

ಆಸ್ಪತ್ರೆಯಲ್ಲಿದ್ದಾಗ ತಿಳಿದವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ‘ಗುದ್ದಿದ ಗಾಡಿ ಯಾವುದೋ ಗೊತ್ತಿಲ್ಲ ಅಂತ ಬರ್ಸ್‌ಬುಡಿ ಮೇಷ್ಟ್ರೇ. ಸರ್ಕಾರದ ದುಡ್ಡು ಬತ್ತದ’ ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೆ, 2022ರ ಏಪ್ರಿಲ್ 1ರಿಂದ, ಸತ್ತವರ ಮನೆಗೆ 2 ಲಕ್ಷ, ತೀವ್ರ ಗಾಯವಾದವರಿಗೆ 50,000 ರೂಪಾಯಿ. ಗಾಡಿ ಪತ್ತೆಯಾಗಿ, ಅದಕ್ಕೆ ವಿಮೆ ಇಲ್ಲ ಅಂತಾದರೆ ಆ ಬಾಬತ್ತಿನಲ್ಲಿ ಒಂದು ಕಾಸೂ ಇಲ್ಲ. ಗೆಳೆಯರೇ, ಇದನ್ನು ಸ್ವಲ್ಪ ಯೋಚನೆ ಮಾಡಿ. ಆ ಹುಡುಗ ಅಪ್ಪನನ್ನು ಚರಂಡಿಯಲ್ಲೇ ಬಿಟ್ಟು ಓಡಿಹೋಗಿದ್ದರೆ ನಮಗೆ 50,000 ಸಿಗುತ್ತಿತ್ತು. ಅವನು ನಿಂತ. ಅವನು ಮನುಷ್ಯನಾಗಿ ನಿಂತಿದ್ದಕ್ಕೆ ಕಾಯಿದೆ ನಮ್ಮಿಬ್ಬರಿಗೂ ಕೊಟ್ಟ ಮರ್ಯಾದೆ ಇದು.

ನಾನು ಸುಳ್ಳು ಬರೆಸಲಿಲ್ಲ. ದೊಡ್ಡತನ ಅಂತ ತಿಳಿಯಬೇಡಿ. ಇಡೀ ಊರು ನೋಡಿತ್ತು, ಅಷ್ಟೆ.

ಟ್ರಿಬ್ಯೂನಲ್ಲಿನ ತೀರ್ಪು ಬಂದಮೇಲೆ ವಕೀಲರು ದಾರಿ ಹೇಳಿಕೊಟ್ಟರು. 174ನೇ ಕಲಮಿನಂತೆ ಟ್ರಿಬ್ಯೂನಲ್ಲು ಜಿಲ್ಲಾಧಿಕಾರಿಗೆ ಒಂದು ಸರ್ಟಿಫಿಕೇಟು ಕೊಡುತ್ತದೆ. ಆಮೇಲೆ ಆ ಹಣವನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಬಹುದು. ‘ಅವರ ಪಹಣಿ ತಗಸ್ಕೊಂಡು ಬನ್ನಿ’ ಅಂದರು.

ಪಹಣಿ ತೆಗೆಸಿದೆ. ಗಾಡಿ ಹುಡುಗನ ತಾಯಿಯ ಹೆಸರಲ್ಲಿತ್ತು. ಆಕೆಯ ಹೆಸರಿಗೆ 20 ಗುಂಟೆ ಬೆದ್ದಲು. ಅದನ್ನು ಜೇಬಿನಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಆಯಮ್ಮ ಹುರುಳಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಎದ್ದು ನಿಂತಳು. ನಾನು ಬಾಯಿ ಬಿಡುವ ಮೊದಲೇ, ‘ತಕ್ಕೊಂಡೋಗಪ್ಪ. ಆ ನೆಲ ಒಂದೇ ಇರಾದು. ಮಗನ್ನ ಮಾತ್ರ ಜೈಲಿಗೆ ಹಾಕಿಸ್‌ಬ್ಯಾಡ’ ಅಂದಳು. ಹುಡುಗ ಗಾರೆ ಕೆಲಸಕ್ಕೆ ಹೋಗಿದ್ದ. ಮೊಪೆಡ್ಡು ಇನ್ನೂ ಠಾಣೆಯ ಬೇಲಿಯ ಪಕ್ಕ ತುಕ್ಕು ಹಿಡಿಯುತ್ತಿದೆ. ವಿಮೆ ಇಲ್ಲದ ಗಾಡಿಯನ್ನು, ಮಾಲೀಕ ಜಾಮೀನು ಕೊಡದಿದ್ದರೆ, ಹರಾಜು ಹಾಕಿ ಹಣವನ್ನು ಟ್ರಿಬ್ಯೂನಲ್ಲಿಗೆ ಕಟ್ಟಬೇಕೆಂದು 2018ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆ ಮೊಪೆಡ್ಡು ಹರಾಜಾದರೆ ಗುಜರಿಯವನು ಏನು ಕೊಟ್ಟಾನು? ಅಪ್ಪನ ಒಂದು ಊರುಗೋಲಿನ ದುಡ್ಡು.

ನಾನು ಪಹಣಿ ಹೊರಗೆ ತೆಗೆಯಲಿಲ್ಲ. ತಿಂಗಳಿಗೆ 2,000 ಕೊಡುವುದೆಂದು ಮಾತಾಯಿತು. ಆರು ಲಕ್ಷದ ನಲವತ್ತು ಸಾವಿರ ತೀರಲು, ಬಡ್ಡಿ ಬಿಟ್ಟು, 320 ತಿಂಗಳು. 26 ವರ್ಷ 8 ತಿಂಗಳು. ಅಪ್ಪನಿಗೆ ಈಗ 61.

ಮನೆಗೆ ಬಂದು ಹೇಳಿದಾಗ ಅವ್ವ ಕಿಡಿಕಿಡಿಯಾದಳು. ‘ನಿಮ್ಮಪ್ಪನ ಕಾಲು ಹೋಗದ. ಅವರ ನೆಲ ಯಾಕ ಉಳೀಬೇಕು? ಓದುದ್ ಮಗ ಅಂತ ಕಳುಸ್ದಿ ನಾನು’ ಅಂದಳು. ಅವಳಿಗೆ ಕೊಡಲು ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ. ಆಸ್ಪತ್ರೆಗೆಂದು ಮಾಡಿದ ಕೈಸಾಲಕ್ಕೆ ಬಡ್ಡಿ ಕಟ್ಟುತ್ತಿರುವವಳು ಅವಳು. ಅಪ್ಪ ಗೋಡೆಗೆ ಒರಗಿಕೊಂಡು ಸುಮ್ಮನೆ ಬೀಡಿ ಹಚ್ಚಿದ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಹೊರಗೆ ಬಂದು ನನ್ನ ಬೈಕಿನ ಡಬ್ಬಿ ತೆರೆದೆ. ಮೂರನೇ ಕೈಯಿಂದ ಕೊಂಡ 110 ಸಿಸಿ ಗಾಡಿ. ಮೊಬೈಲಿನ ಬೆಳಕಿನಲ್ಲಿ ವಿಮೆಯ ಕಾಗದ ನೋಡಿದೆ. ಅವಧಿ ಮುಗಿದು 14 ತಿಂಗಳಾಗಿತ್ತು.

ಅಪ್ಪನ ಕಾಲಿನ ಕೇಸಿಗೆ ಕೋರ್ಟಿಗೆ ಹೋಗಿ ಬಂದದ್ದು ಇದೇ ಗಾಡಿಯಲ್ಲಿ. ಶಾಲೆ ಮಕ್ಕಳನ್ನು ಮುಂದೊಂದು ಹಿಂದೆರಡು ಕೂರಿಸಿಕೊಂಡು ಹೋದದ್ದು ಇದೇ ಗಾಡಿಯಲ್ಲಿ. ಅತಿಥಿ ಶಿಕ್ಷಕ ನಾನು. ಗೌರವಧನ ತಿಂಗಳುಗಟ್ಟಲೆ ತಡ. ಬಂದಾಗ ಅಂಗಡಿ ಬಾಕಿ, ಗುಳಿಗೆ, ಬಡ್ಡಿ. ನನ್ನ ಗಾಡಿಯ ದರ 714 ರೂಪಾಯಿ. ‘ಬರೋ ತಿಂಗಳು ಕಟ್ಟಾನ’ ಅಂದುಕೊಂಡೇ 14 ತಿಂಗಳು ಕಳೆದಿದ್ದೆ. ಆ ಹುಡುಗನೂ ಹಾಗೇ ಅಂದುಕೊಂಡಿದ್ದಿರಬೇಕು. ಅವನಿಗೂ ನನಗೂ ವ್ಯತ್ಯಾಸ ಒಂದೇ. ನನ್ನ ಗಾಡಿಗೆ ಇನ್ನೂ ಯಾರ ಅಪ್ಪನೂ ಸಿಕ್ಕಿಲ್ಲ.

ಮಾರನೇ ದಿನ ಸಾಲ ಮಾಡಿ ಕಟ್ಟಿದೆ.

ನಮ್ಮ ಕಡೆ ಯಾರನ್ನೇ ಕೇಳಿ, ಇನ್ಶೂರೆನ್ಸ್ ಅಂದರೆ ಪೊಲೀಸಿನವರಿಗೆ ತೋರಿಸುವ ಚೀಟಿ. ಅದು ಇಲ್ಲದೆ ಮೊದಲ ಸಲ ಸಿಕ್ಕಿಬಿದ್ದರೆ ಕಾಯಿದೆಯಲ್ಲಿ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಆದ್ದರಿಂದ ಜನ ಕಾಗದ ಮಾಡಿಸುವುದರ ಬದಲು ಪೊಲೀಸರು ನಿಲ್ಲದ ದಾರಿ ಹುಡುಕುತ್ತಾರೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕು ಕೊಳ್ಳುವಾಗಲೇ ಐದು ವರ್ಷದ ವಿಮೆ ಕಟ್ಟಿಸಿಕೊಳ್ಳುತ್ತಾರೆ. ಆರನೇ ವರ್ಷ? ಅಷ್ಟರಲ್ಲಿ ಗಾಡಿ ಕೈಯಿಂದ ಕೈಗೆ ದಾಟಿ ಕೂಲಿಯವನ ಹತ್ತಿರ ಬಂದಿರುತ್ತದೆ. ಗಾಡಿ ಬರುತ್ತದೆ, ಕಾಗದ ಸತ್ತಿರುತ್ತದೆ. ಕಾರಿನವನು ಗುದ್ದಿದರೆ ಅವನ ಕಂಪನಿ ಇದೆ. ಬಡವ ಬಡವನಿಗೆ ಗುದ್ದಿದರೆ ಇಬ್ಬರಿಗೂ ಯಾರೂ ಇಲ್ಲ.

2025ರ ಮೇ ತಿಂಗಳಲ್ಲಿ, ರಸ್ತೆ ಅಪಘಾತದವರಿಗೆ ಏಳು ದಿನದವರೆಗೆ ಒಂದೂವರೆ ಲಕ್ಷದ ನಗದುರಹಿತ ಚಿಕಿತ್ಸೆ ಎಂಬ ಕೇಂದ್ರದ ಯೋಜನೆ ಬಂತು. ಒಳ್ಳೆಯದು, ಎಲ್ಲರಿಗೂ ತಿಳಿಸಿ. ಆದರೆ ಎಂಟನೇ ದಿನವೂ ಕಾಲು ಇರುವುದಿಲ್ಲ. ಓಡಿಹೋದ ಗಾಡಿಗೆ ಸರ್ಕಾರದ ನಿಧಿ ಇರುವುದಾದರೆ, ಓಡಿಹೋಗದ ಬಡವನ ಗಾಡಿಗೂ ನಿಧಿ ಇರಬೇಕು. ಮೊದಲು ಗಾಯವಾದವನಿಗೆ ಕೊಡಲಿ, ಆಮೇಲೆ ಗಾಡಿಯವನಿಂದ ಅವನ ಕೈಲಾದಷ್ಟು ವಸೂಲು ಮಾಡಲಿ. ಇದನ್ನು ನಾವು ಕೇಳಬೇಕು.

ಕೇಳುವುದರ ಜೊತೆಗೆ ಇನ್ನೊಂದು ಕೆಲಸ ಶುರುಮಾಡಿದ್ದೇನೆ. ಭಾನುವಾರ ಕೇರಿಯಲ್ಲಿ ಗಾಡಿ ಇರುವವರ ಕಾಗದ ಓದಿ, ಮುಗಿಯುವ ತಾರೀಖನ್ನು ಶಾಲೆಯ ಹಳೇ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಇಲ್ಲಿಯವರೆಗೆ 31 ಗಾಡಿ. ಕಾಗದ ಜೀವಂತವಿದ್ದದ್ದು 12ಕ್ಕೆ. ತಿಂಗಳಿಗೆ 60 ರೂಪಾಯಿ ಚೀಟಿ ಹಾಕಿ, ಅವರವರ ಸರದಿ ಬಂದಾಗ ಕಟ್ಟುವುದೆಂದು ಒಂಬತ್ತು ಜನ ಒಪ್ಪಿದ್ದಾರೆ. ಹಾಜರಿ ಪುಸ್ತಕದಲ್ಲಿ ಮೊದಲ ಹೆಸರು ನನ್ನದು.

ಈ ತಿಂಗಳ 2,000 ಇನ್ನೂ ಬಂದಿಲ್ಲ. ಅವ್ವ ಬೆಳಗ್ಗೆಯಿಂದ ಎರಡು ಸಲ ಕೇಳಿದಳು. ಪಹಣಿ ಇನ್ನೂ ನನ್ನ ಟ್ರಂಕಿನಲ್ಲೇ ಇದೆ.