ಹೇರೆತ್ತುಗಳ ದಾರಿಯಲ್ಲಿ

ಮಲೆನಾಡಿನಲ್ಲಿ ಸಮತಟ್ಟಾದ ರಸ್ತೆ ಬೇಕೆಂದರೆ ಕೆರೆ ಏರಿಯ ಮೇಲೆ ಹೋಗಬೇಕು. ಉಳಿದದ್ದೆಲ್ಲ ಏರು, ಇಲ್ಲವೇ ಇಳಿಜಾರು. ಸಾಗರ ಪೇಟೆಯಿಂದ ಯಾವ ದಿಕ್ಕಿಗೆ ಸೈಕಲ್ ತಿರುಗಿಸಿದರೂ ಸ್ವಲ್ಪ ಹೊತ್ತಿನಲ್ಲೇ ಗೇರು ಇಳಿಸುವ ಕೆಲಸ ಬಂದೇ ಬರುತ್ತದೆ. ಬೆಂಗಳೂರಿನ ಸೈಕಲ್ ಗೆಳೆಯರು ಏರು ಹತ್ತುವ ಆಸೆಯಾದಾಗ ನಂದಿಬೆಟ್ಟಕ್ಕೆ ಹೋಗುತ್ತಾರೆ. ಅಲ್ಲಿ ಇರುವುದು ಒಂದೇ ಏರು, ಹತ್ತಿದರೆ ಮುಗಿಯಿತು. ಇಲ್ಲಿನ ದಿಬ್ಬಗಳು ಒಂದೊಂದಾಗಿ ನೋಡಿದರೆ ಸಣ್ಣವು. ಒಂದನ್ನು ಹತ್ತಿ ಉಸಿರು ಬಿಡುವಷ್ಟರಲ್ಲಿ ರಸ್ತೆ ಜಾರಿ ಗದ್ದೆಬಯಲಿಗೆ ಇಳಿದು, ಮೋರಿ ದಾಟಿ, ಮತ್ತೆ ಮೇಲಕ್ಕೆ ಮುಖ ಮಾಡಿರುತ್ತದೆ. ಸಂಜೆ ಕೂಡಿಸಿ ನೋಡಿದರೆ ಗೊತ್ತಿಲ್ಲದೆಯೇ ಒಂದು ದೊಡ್ಡ ಬೆಟ್ಟ ಹತ್ತಿಯಾಗಿರುತ್ತದೆ.

ಆದರೂ ನನಗೆ ಪ್ರಿಯವಾದ ದಾರಿ ಇದೇ. ಕೆಳದಿ, ಇಕ್ಕೇರಿ, ಅಲ್ಲಿಂದ ಹೊಸನಗರ, ನಗರ, ಆಮೇಲೆ ಹುಲಿಕಲ್ ಘಾಟಿ. ಕೆಳದಿ ನಾಯಕರ ಮೂರು ರಾಜಧಾನಿಗಳು ಇಲ್ಲಿ ಒಂದರ ನಂತರ ಒಂದು ಸಿಗುತ್ತವೆ. ಅವರು ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೂ ಇಕ್ಕೇರಿಯಿಂದ ಈಗಿನ ನಗರವಾದ ಬಿದನೂರಿಗೂ ಒಯ್ದರೆಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಯಾಕೆ ಒಯ್ದರು ಎನ್ನುವುದು ನನಗೆ ಮನದಟ್ಟಾದದ್ದು ಪೆಡಲ್ ತುಳಿದ ಮೇಲೆ. ಈ ದಾರಿಯಲ್ಲಿ ಹೋಗುವವನು ದಿನವಿಡೀ ಘಟ್ಟದ ಅಂಚಿಗೆ ಹತ್ತಿರವಾಗುತ್ತಿರುತ್ತಾನೆ. ಕಾಡು ದಟ್ಟವಾಗುತ್ತದೆ, ದಿಬ್ಬಗಳು ಒತ್ತೊತ್ತಾಗುತ್ತವೆ, ಬಯಲು ಕಿರಿದಾಗುತ್ತದೆ. ಆ ಅರಸುಮನೆತನವೂ ಒಂದೂವರೆ ಶತಮಾನದಲ್ಲಿ ಹೀಗೆಯೇ ಘಟ್ಟದ ಬಾಗಿಲಿಗೆ ಸರಿದು ಬಂದಿತ್ತು.

ಸಾಗರದ ಉತ್ತರಕ್ಕಿರುವ ಕೆಳದಿ ಇವತ್ತಿಗೂ ಹಳ್ಳಿಯೇ. 1499ರ ಹೊತ್ತಿಗೆ ಚೌಡಪ್ಪ ನಾಯಕ ಶುರುಮಾಡಿದ ಆಳ್ವಿಕೆಯ ಮೊದಲ ನೆಲೆ ಅದು. ರಾಮೇಶ್ವರ ದೇವಸ್ಥಾನದ ಮುಂಭಾಗಕ್ಕೆ ಹೆಂಚಿನ ಮಾಡು, ಮರದ ತೊಲೆ. ಒಳಗೆ ಹೋಗಿ ಕತ್ತೆತ್ತಿದರೆ ಚಾವಣಿಯ ಕಲ್ಲಿನಲ್ಲಿ ಗಂಡಭೇರುಂಡ ರೆಕ್ಕೆ ಬಿಚ್ಚಿದೆ. 1689ರಲ್ಲಿ ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟ ಚೆನ್ನಮ್ಮಾಜಿ ಈ ಮನೆತನದ ರಾಣಿ. ಊರಲ್ಲೊಂದು ವಸ್ತುಸಂಗ್ರಹಾಲಯವೂ ಇದೆ. ಕೆಳದಿ ಗುಂಡಾ ಜೋಯಿಸರು ತಾಳೆಗರಿ, ಕಡತಗಳನ್ನು ಮನೆಮನೆಯಿಂದ ಕೂಡಿಸಿ ಕಟ್ಟಿದ್ದು ಅದು. ಅದನ್ನು ನೋಡದೆ ಮುಂದೆ ಹೋಗಬಾರದು.

ಇಕ್ಕೇರಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಅಘೋರೇಶ್ವರ ದೇವಸ್ಥಾನದ ಎದುರಿನ ನಂದಿಮಂಟಪದ ಕಮಾನುಗಳ ನಡುವೆ ದೊಡ್ಡ ಬಸವ ಮಲಗಿದ್ದಾನೆ. ಗರ್ಭಗುಡಿಯ ಪೀಠದ ಸುತ್ತ 32 ಶಕ್ತಿದೇವತೆಯರ ಕೆತ್ತನೆ. ನನ್ನನ್ನು ಪ್ರತಿಸಲ ಹಿಡಿದು ನಿಲ್ಲಿಸುವುದು ಮಾತ್ರ ಇವೆರಡೂ ಅಲ್ಲ, ಎರಡು ಕಂಬಗಳ ನಡುವಿನ ಜಾಗ. ಮಧ್ಯದ ಕಂಬಗಳ ನಡುವಿನ ಅಂತರವನ್ನು ಆಗ ತೋಟದ ಅಳತೆಗೆ ಮೂಲಮಾನವಾಗಿ ಇಟ್ಟುಕೊಂಡಿದ್ದರು. 18 ಅಡಿ 6 ಅಂಗುಲ. ಅಷ್ಟು ಉದ್ದದ ಗಳು ಹಿಡಿದು ತೋಟ ಅಳೆಯುತ್ತಿದ್ದರು. ಅಳತೆಯಲ್ಲಿ ಮೋಸವಾಯಿತು ಎಂದು ಅನುಮಾನ ಬಂದ ರೈತ ದೇವರ ಮುಂದೆಯೇ ಬಂದು ತಾಳೆ ನೋಡಬಹುದಿತ್ತು! ಕಲ್ಲಿಗೆ ಕೈಯಿಟ್ಟು ಒಂದು ಕಂಬದಿಂದ ಇನ್ನೊಂದಕ್ಕೆ ನಡೆದು ನೋಡಿ. ಕೆಲವೇ ಹೆಜ್ಜೆ. ಆಮೇಲೆ ದಾರಿಯುದ್ದಕ್ಕೂ ಸಿಗುವ ಅಡಿಕೆ ತೋಟಗಳನ್ನು ನೋಡುವ ಕಣ್ಣೇ ಬದಲಾಗುತ್ತದೆ.

ಇದೇ ಇಕ್ಕೇರಿಗೆ 1623ರಲ್ಲಿ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಬಂದಿದ್ದ. ವೆಂಕಟಪ್ಪ ನಾಯಕನ ಕಾಲ. ಪೋರ್ಚುಗೀಸರ ರಾಯಭಾರಿಯ ಜೊತೆ ಗೋವೆಯಿಂದ ಹೊರಟು, ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿದ. ರಾಯಭಾರದ ಮಾತುಕತೆಯಲ್ಲಿ ಕಾಳುಮೆಣಸೂ ಇತ್ತು. ಇಕ್ಕೇರಿಯ ಬೀದಿಯಲ್ಲಿ ಸಂಜೆ ಹೆಂಗಸರು ಕೋಲಾಟವಾಡಿದ್ದನ್ನು ಅವನು ಬರೆದಿಟ್ಟಿದ್ದಾನೆ. ಅದಕ್ಕಿಂತ ನನಗೆ ಇಷ್ಟವಾದದ್ದು ದಾರಿಯಲ್ಲಿ ಅವನು ಕಂಡ ಮಕ್ಕಳು. ಒಂದು ಗುಡಿಯ ಜಗಲಿಯಲ್ಲಿ ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಅಂಕಿ ಬರೆಯುತ್ತ, ಬರೆದದ್ದನ್ನೇ ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರಂತೆ. ನಿಧಾನವಾಗಿ ಪ್ರಯಾಣ ಮಾಡಿದವನಿಗೆ ಮಾತ್ರ ಇಂಥದ್ದು ಕಣ್ಣಿಗೆ ಬೀಳುತ್ತದೆ. ಕಾರಿನಲ್ಲಿ ಬಂದಿದ್ದರೆ ಆ ಜಗಲಿ ಹಿಂದೆ ಸರಿದುಹೋಗಿರುತ್ತಿತ್ತು.

ಇಕ್ಕೇರಿ ಬಿಟ್ಟು ಹೊಸನಗರದ ರಸ್ತೆ ಹಿಡಿದರೆ ಈ ನೆಲದ ಜೋಡಣೆ ಕಾಲಿಗೇ ತಿಳಿಯತೊಡಗುತ್ತದೆ. ತಗ್ಗಿನಲ್ಲಿ ಗದ್ದೆ, ನೀರು ಹರಿದು ಬರುವ ಕಣಿವೆಯಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ, ಅದರ ಮೇಲೆ ಸೊಪ್ಪಿನಬೆಟ್ಟ, ತುದಿಯಲ್ಲಿ ಕಾನು. ರಸ್ತೆ ಈ ಮೆಟ್ಟಿಲುಗಳನ್ನು ಇಳಿಯುತ್ತದೆ, ಹತ್ತುತ್ತದೆ. ಇಳಿಯುವಾಗ ತಂಪು ಗಾಳಿ ಮೊದಲು ಮೊಣಕಾಲಿಗೆ ತಾಗುತ್ತದೆ. ಹತ್ತುವಾಗ ಮರದ ನೆರಳು ತಪ್ಪಿ ಬೆನ್ನಿಗೆ ಬಿಸಿಲು ಬೀಳುತ್ತದೆ. ದೀಪಾವಳಿ ಕಳೆದ ಮೇಲೆ ಬಂದರೆ ಊರು ಹತ್ತಿರವಾದದ್ದು ಮೂಗಿಗೆ ಮೊದಲು ಗೊತ್ತಾಗುತ್ತದೆ. ಸುಲಿದ ಅಡಿಕೆ ಹಂಡೆಯಲ್ಲಿ ಬೇಯುತ್ತಿರುತ್ತದೆ, ಚೊಗರಿನ ಒಗರು ವಾಸನೆ ರಸ್ತೆಗೆ ಇಳಿದು ನಿಂತಿರುತ್ತದೆ. ಅಂಗಳದ ಅಟ್ಟದ ಮೇಲೆ ಕೆಂಪಗೆ ಅಡಿಕೆ ಹರಡಿರುತ್ತದೆ.

ಬಟ್ಟೆಮಲ್ಲಪ್ಪದ ಹತ್ತಿರ ಒಂದು ಸಣ್ಣ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದಾಗ ಹಿರಿಯರೊಬ್ಬರು ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಹಿಂದಿನ ಚಕ್ರದ ಹಲ್ಲುಗಳನ್ನು ಬಗ್ಗಿ ನೋಡಿದರು.

"ಎಲ್ಲಿಗೆ ಹೊರಟ್ರಿ?"

"ನಗರಕ್ಕೆ. ನಾಳೆ ಘಾಟಿ ಇಳಿಯೋದು."

"ಏರು ಬಂದ್ರೆ ದೊಡ್ಡ ಹಲ್ಲಿಗೆ ಹಾಕ್ಕಳದು, ಅಲ್ದಾ? ಎತ್ತಿಗೂ ಹಾಗೇ ಮಾರಾಯ್ರೆ. ಏರಲ್ಲಿ ಅವಸರ ಮಾಡಬಾರದು, ಅದರ ನಡಿಗೆಗೆ ಬಿಡಬೇಕು."

ಗೇರಿನ ಗುಟ್ಟನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ಮುಂದೆ 34 ಹಲ್ಲಿನ ಚಕ್ರ, ಹಿಂದೆ 32 ಹಲ್ಲಿನದು. ಕಾಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ, ಅಷ್ಟೇ. ಆ ನಡಿಗೆಗೆ ಬಿಟ್ಟರೆ ನೂರು ಮೀಟರಿಗೆ ನಾಲ್ಕೈದು ಮೀಟರು ಏರುವ ರಸ್ತೆಯಲ್ಲಿ ಮಾತಾಡುತ್ತಲೇ ಗಂಟೆಗಟ್ಟಲೆ ಸಾಗಬಹುದು. ಅದೇ ಹತ್ತು ಮೀಟರಾದರೆ ತೊಡೆ ಉರಿಯುತ್ತದೆ, ಮಾತು ನಿಲ್ಲುತ್ತದೆ. ದೂರ ಎಷ್ಟಿದ್ದರೂ ಪರವಾಗಿಲ್ಲ, ಏರು ಕಡಿದಾಗಬಾರದು. ಹಳೆಯ ಕಾಲದ ಹೇರೆತ್ತುಗಳಿಗೂ ಇದೇ ನಿಯಮ. ಬೆನ್ನಿನ ಎರಡೂ ಕಡೆ ಗೋಣಿ ಹೇರಿಕೊಂಡು ಅಕ್ಕಿ, ಅಡಿಕೆ, ಕಾಳುಮೆಣಸನ್ನು ಘಟ್ಟದ ಕೆಳಗೆ ಒಯ್ದು, ಉಪ್ಪು ಹೊತ್ತು ವಾಪಸು ಬರುತ್ತಿದ್ದವು. 1801ರಲ್ಲಿ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಬನವಾಸಿಯ ಕಡೆಯಿಂದ ಕೆಳದಿ, ಇಕ್ಕೇರಿ ಹಾದು ನಗರಕ್ಕೆ ಬಂದದ್ದು ಈ ಸೀಮೆಯ ಮೂಲಕವೇ.

ಹೊಸನಗರದಿಂದ ನಗರಕ್ಕೆ ಹದಿನಾರು ಹದಿನೇಳು ಕಿಲೋಮೀಟರು. 1637ರ ಸುಮಾರಿಗೆ ಬಿಜಾಪುರದ ಸೈನ್ಯ ಇಕ್ಕೇರಿಯನ್ನು ಹೊಡೆದ ಮೇಲೆ ವೀರಭದ್ರ ನಾಯಕ ರಾಜಧಾನಿಯನ್ನು ಇಲ್ಲಿಗೆ, ಆಗಿನ ಬಿದನೂರಿಗೆ ತಂದ. ಇಕ್ಕೇರಿಯ ಸುತ್ತ ಸೈನ್ಯಕ್ಕೆ ಬಯಲಿತ್ತು. ಬಿದನೂರಿಗೆ ಬರುವವನು ಮಾತ್ರ ನಾನು ಹತ್ತಿಳಿದ ದಿಬ್ಬಗಳಂಥವನ್ನೇ ತೋಪು, ಕುದುರೆಗಳ ಸಮೇತ ಹತ್ತಿಳಿದು ಬರಬೇಕಿತ್ತು. ಬೆನ್ನಿಗೆ ಘಟ್ಟ, ಕೆಳಗೆ ಬಂದರು. ಶಿವಪ್ಪ ನಾಯಕನ ಕಾಲದಲ್ಲಿ ಈ ಊರು ಬೆಳೆದು ದೊಡ್ಡದಾಯಿತು. 1763ರಲ್ಲಿ ಹೈದರಾಲಿ ಇದನ್ನು ಗೆದ್ದು ತನ್ನ ಹೆಸರಿಟ್ಟ. ಆ ಹೈದರನಗರದಿಂದ ಈಗ ನಗರ ಮಾತ್ರ ಉಳಿದಿದೆ.

ಕೋಟೆ ರಸ್ತೆಯ ಪಕ್ಕದಲ್ಲೇ ಇದೆ. ಬುರುಜು, ಹೆಬ್ಬಾಗಿಲು, ಒಳಗೆ ಅಕ್ಕತಂಗಿಯರ ಕೊಳ. ಮಳೆ ಮುಗಿದ ಹೊಸತರಲ್ಲಿ ಗೋಡೆಯ ಕಲ್ಲಿನ ಸಂದುಗಳಲ್ಲೆಲ್ಲ ಹಾವಸೆ, ಜರಿಗಿಡ. ಇಲ್ಲಿ ಒಂದು ರಾತ್ರಿ ಉಳಿಯದೆ ಘಾಟಿಗೆ ಓಡುವುದು ತಪ್ಪು ಎಂದೇ ನಾನು ಹೇಳುತ್ತೇನೆ. ಬೆಳಿಗ್ಗೆ ದೇವಗಂಗೆಗೆ ಹೋಗಿ ಬನ್ನಿ. ಗುಡ್ಡದ ನೀರು ಒಂದು ಕೊಳದಿಂದ ಇನ್ನೊಂದಕ್ಕೆ ಇಳಿದು ಹೋಗುವಂತೆ ಅರಸರು ಕಟ್ಟಿಸಿದ ಕಲ್ಲಿನ ಕೊಳಗಳಿವೆ. ನೀರು ಈಗಲೂ ಹರಿಯುತ್ತಿದೆ.

ಹುಲಿಕಲ್ ಘಾಟಿಯಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಈ ಭಾಗ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಮಳೆಗಾಲದಲ್ಲಿ ಇಲ್ಲಿ ಸೈಕಲ್ ಬೇಡ. ಉಳಿದ ದಿನಗಳಲ್ಲೂ ತಿರುವಿನ ಒಳಗೆ ಬ್ರೇಕ್ ಹಿಡಿಯಬಾರದು. ತಿರುವಿಗೆ ಮೊದಲೇ ವೇಗ ಇಳಿಸಿ, ಹೊರಗಿನ ಕಾಲಿನ ಮೇಲೆ ಭಾರ ಹಾಕಿ, ಕಣ್ಣನ್ನು ತಿರುವು ಮುಗಿಯುವ ಕಡೆ ಇಟ್ಟು ಇಳಿಯಬೇಕು. ರಿಮ್ ಬ್ರೇಕಿನವರು ಆಗಾಗ ನಿಂತು ಗಾಲಿ ಮುಟ್ಟಿ ನೋಡಬೇಕು, ಬಿಸಿಯಾದರೆ ಟ್ಯೂಬು ಸಿಡಿಯುವ ಭಯ. ನಿಲ್ಲುವುದಕ್ಕೆ ಚಂಡಿಕಾಂಬೆಯ ಗುಡಿ ಒಳ್ಳೆಯ ಜಾಗ. ಲಾರಿಯವರೂ ಅಲ್ಲಿ ನಿಲ್ಲಿಸಿ, ಕಾಣಿಕೆ ಹಾಕಿ, ಕೈಮುಗಿದೇ ಮುಂದೆ ಹೋಗುತ್ತಾರೆ. ಹೊಸಂಗಡಿಗೆ ಇಳಿದಾಗ ಸೆಖೆ ಮೈಗೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಸಿದ್ದಾಪುರದ ಮೇಲೆ ಕುಂದಾಪುರದ ಕಡೆ ಸಾಗಿ ಬಸ್ರೂರು ಮುಟ್ಟಬಹುದು. 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಕೊಳ್ಳೆ ಹೊಡೆದ ಬಸ್ರೂರು ಅದು. ಅಷ್ಟು ದೂರದಿಂದ ಸಮುದ್ರ ಹಾಯ್ದು ಬರುವಷ್ಟು ಸಂಪತ್ತು ಆ ಪೇಟೆಯಲ್ಲಿತ್ತು. ಅದರಲ್ಲಿ ಒಂದು ಪಾಲು ಘಟ್ಟದ ಮೇಲಿನಿಂದ ಎತ್ತಿನ ಬೆನ್ನ ಮೇಲೆ ಇಳಿದು ಬಂದದ್ದೇ.

ಮುಂದಿನ ಸಲ ಘಟ್ಟದ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಹೊನ್ನಾವರದಿಂದ ಶರಾವತಿಯ ದಂಡೆ ಹಿಡಿದು ಗೇರುಸೊಪ್ಪೆ, ಅಲ್ಲಿಂದ ಮಾಲೇಮನೆ ಘಾಟಿ ಹತ್ತಿ ಜೋಗ, ತಾಳಗುಪ್ಪ, ಸಾಗರ, ಇಕ್ಕೇರಿ. ದೆಲ್ಲಾ ವಾಲೆ ಬಂದದ್ದೂ ನವೆಂಬರಿನಲ್ಲಿ, ಮಳೆ ಹಿಂದೆ ಸರಿದು ಕಾಡು ಇನ್ನೂ ಹಸಿರಾಗಿರುವ ಹೊತ್ತಿನಲ್ಲಿ. ನಾನೂ ಅದೇ ತಿಂಗಳು ಹೊರಡುತ್ತೇನೆ. ಹಿಂದಿನ ಚಕ್ರಕ್ಕೆ 34 ಹಲ್ಲಿನ ಕ್ಯಾಸೆಟ್ ಹಾಕಿಸುವುದೊಂದು ಬಾಕಿ ಇದೆ.