ಮನೇಲಿ ಹೆಸರಿಲ್ಲ, ಸಾಲದಲ್ಲಿದೆ

ಅಕ್ಕನ ಡಿವೋರ್ಸ್ ಬಗ್ಗೆ ತುಂಬಾ ಜನ ಕೇಳ್ತಿದ್ರಿ. ಅವಳನ್ನ ಕೇಳಿಯೇ ಬರೀತಿದ್ದೀನಿ. ನಿಮ್ಮಲ್ಲಿ ಎಷ್ಟೋ ಜನ ನಾಳೆ ಹೊರಗೆ ಹೋಗೋರೇ ಅಲ್ವಾ.

ಮದುವೆ ಆದ್ಮೇಲೆ ಅಕ್ಕ, ಭಾವ ಸೇರಿ ಕ್ಯಾಲಿಫೋರ್ನಿಯಾದಲ್ಲಿ ಮನೆ ತಗೊಂಡಿದ್ರು. ಅಲ್ಲಿನ ಕಾನೂನಲ್ಲಿ ಮದುವೆಯಾದ ಮೇಲೆ ದುಡಿದು ತಗೊಂಡಿದ್ದು ಸಾಮಾನ್ಯವಾಗಿ ಇಬ್ಬರಿಗೂ ಅರ್ಧರ್ಧ, ಕಂತು ಯಾರ ಸಂಬಳದಿಂದ ಹೋಗಿದ್ರೂ. ಅರ್ಧ ಅಂದ್ರೆ ಮಧ್ಯೆ ಗೋಡೆ ಎಬ್ಬಿಸೋದಲ್ಲ. ಈಗಿನ ಬೆಲೆಯಲ್ಲಿ ಬಾಕಿ ಸಾಲ ಕಳೆದು ಉಳಿದಿದ್ದರಲ್ಲಿ ಅರ್ಧ. ಮಾರಿ ಹಂಚ್ಕೋಬಹುದು, ಇಲ್ಲಾ ಒಬ್ಬರು ಇನ್ನೊಬ್ಬರ ಪಾಲಿನ ದುಡ್ಡು ಕೊಟ್ಟು ಮನೆ ಇಟ್ಕೋಬಹುದು.

ಭಾವ ಇಟ್ಕೊಂಡ್ರು. ಅಕ್ಕನಿಗೆ ಎಲ್ಲಾ ಮುಗಿದ್ರೆ ಸಾಕಾಗಿತ್ತು. ಪಾಲಿನ ದುಡ್ಡು ತಗೊಂಡು, ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿ ಹೊರಗೆ ಬಂದ್ಲು.

ಮುಗಿದಿರಲಿಲ್ಲ. ಮುಂದಿನ ವರ್ಷ ಕಾರಿಗೆ ಲೋನ್ ಕೇಳಿದ್ರೆ ಸಿಗಲಿಲ್ಲ. ಭಾವ ಎರಡು ಕಂತು ಕಟ್ಟಿರಲಿಲ್ಲ, ಪೆಟ್ಟು ಬಿದ್ದಿದ್ದು ಅವಳ ಕ್ರೆಡಿಟ್ ಸ್ಕೋರಿಗೂ. ಯಾಕಂದ್ರೆ ಮನೆ ಪತ್ರ ಬೇರೆ, ಸಾಲದ ಪತ್ರ ಬೇರೆ. ಒಂದರಿಂದ ಹೆಸರು ತೆಗೆದ್ರೆ ಇನ್ನೊಂದರಿಂದ ಹೋಗಲ್ಲ. ಕಂತು ಭಾವನೇ ಕಟ್ಟಬೇಕು ಅಂತ ಕೋರ್ಟ್ ಹೇಳಿದ್ರೂ ಬ್ಯಾಂಕ್ ಮಾತ್ರ ಸೈನ್ ಮಾಡಿದ ಇಬ್ಬರನ್ನೂ ಹಿಡ್ಕೊಳ್ಳುತ್ತೆ. ಆ ಸಾಲ ತೀರಿಸಿ, ಭಾವ ತಮ್ಮೊಬ್ಬರ ಹೆಸರಲ್ಲೇ ಹೊಸ ಸಾಲ ಮಾಡಿದ ಮೇಲೇ ಹಕ್ಕು ಬಿಡಬೇಕಿತ್ತು.

"ಗೃಹಪ್ರವೇಶಕ್ಕೆ ಹಾಲು ಉಕ್ಕಿಸಿದ ಪಾತ್ರೆ ಒಂದು ತಂದೆ ಕಣೋ, ಸಾಲಾನೂ ಜೊತೆಗೇ ಬಂತು" ಅಂತಾಳೆ ಈಗ, ನಗ್ತಾ.

ಬೇಗ ಬಿಡುಗಡೆ ಬೇಕು ಅನ್ಸಿದ ದಿನಾನೇ ನಿಧಾನವಾಗಿ ಓದಿ. ಎರಡೂ ಪತ್ರ.