ಗಿಲೀಟಿನ ಬೆನ್ನುಹತ್ತಿ ಪುಣೆಗೆ

ಅಕ್ಕಲಕೋಟೆ ಸೀಮೆಯ ನಮ್ಮಂಥವರಿಗೆ ಪುಣೆ ಎಂದರೆ ಒಂದೋ ದೊಡ್ಡ ದವಾಖಾನೆ, ಇಲ್ಲವೆ ಮಕ್ಕಳ ನೌಕರಿ. ಈ ಎರಡು ಕಾರಣಗಳ ಹೊರತು ಆ ಊರಿಗೆ ಟಿಕೇಟು ತೆಗೆಸುವವರು ವಿರಳ. ಕಳೆದ ದೀಪಾವಳಿಯ ರಜೆಯಲ್ಲಿ ನಾವು ಅಲ್ಲಿಗೆ ಹೊರಟಾಗ ನಮ್ಮ ಸಂಗಡ ಇದ್ದುದು ಗೋಣಿಚೀಲದಲ್ಲಿ ಹೊಲಿದ ಒಂದು ಹಳೆಯ ಸೈಕಲ್ಲಿನ ಚೌಕಟ್ಟು, ಅದರ ಹ್ಯಾಂಡಲು ಮತ್ತು ಮುಂದಿನ ಫೋರ್ಕು. ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಸುಮಾರು 260 ಕಿಲೋಮೀಟರು. ಕುರ್ಡುವಾಡಿ ದಾಟಿದ ಮೇಲೆ ಉಜನಿ ಅಣೆಕಟ್ಟಿನ ಹಿನ್ನೀರು ಕಣ್ಣಿಗೆ ಬೀಳುತ್ತದೆ. ಚಳಿಗಾಲದಲ್ಲಿ ಭಿಗವಣದ ಬಳಿ ರಾಜಹಂಸಗಳ ಹಿಂಡು ಇಳಿಯುವ ತಾಣವದು; ನಾವು ಹೋದಾಗ ಅವು ಇನ್ನೂ ಬಂದಿರಲಿಲ್ಲ, ನೀರು ಮಾತ್ರ ತುಂಬಿ ನಿಂತಿತ್ತು. ಅದು ಭೀಮೆಯ ನೀರು. ಸೊಲ್ಲಾಪುರ ಪಟ್ಟಣ ಕುಡಿಯುವುದೂ ಅದನ್ನೇ, ನಮ್ಮ ತಾಲೂಕಿನ ಅಂಚನ್ನು ಸವರಿಕೊಂಡು ಕಲಬುರ್ಗಿಯ ಕಡೆಗೆ ಹರಿಯುವುದೂ ಅದೇ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸಂಗ ಬರಲಿದೆ.

ಸೈಕಲ್ಲು ನಮ್ಮ ತೀರ್ಥರೂಪರದು. ಅವರೂ ಶಾಲಾ ಮಾಸ್ತರರೇ. ಕೊಂಡದ್ದು 1959ರಲ್ಲಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ರ್ಯಾಲಿ ಕಂಪನಿಯ ಸಹಯೋಗದಿಂದ ಪಶ್ಚಿಮ ಬಂಗಾಳದ ಆಸನ್‌ಸೋಲಿನಲ್ಲಿ ತಯಾರಾಗುತ್ತಿದ್ದ ಸೆನ್-ರ್ಯಾಲಿ. ಆ ಕಾರ್ಖಾನೆ ನಿಂತುಹೋಗಿ ಎಷ್ಟೋ ಕಾಲವಾಯಿತು. ಚೌಕಟ್ಟೆಲ್ಲ ಕಪ್ಪು, ಹ್ಯಾಂಡಲು, ರಿಮ್ಮುಗಳು, ಪೆಡಲಿನ ತೋಳು, ಫೋರ್ಕಿನ ನೆತ್ತಿಯ ಎರಡು ಪುಟ್ಟ ಟೊಪ್ಪಿಗೆಗಳು, ಇಷ್ಟೇ ಬೆಳ್ಳಗೆ ಹೊಳೆಯುವ ಭಾಗಗಳು. ನಮ್ಮ ಅಗ್ರಜರು ಎಲ್ಲಿಯೋ ಒಂದು ದೊಡ್ಡ ಹೋಟೆಲಿನ ಹಜಾರದಲ್ಲಿ ಅಡಿಯಿಂದ ಮುಡಿಯವರೆಗೆ ಕನ್ನಡಿಯಂತೆ ಹೊಳೆಯುವ ಸೈಕಲ್ಲನ್ನು ಕಂಡು ಬಂದಿದ್ದರು. ಅಪ್ಪನ ಸೈಕಲ್ಲಿಗೂ ಹಾಗೆಯೇ ಗಿಲೀಟು ಹಾಕಿಸಿ ಪಡಸಾಲೆಯಲ್ಲಿ ನಿಲ್ಲಿಸಬೇಕೆಂಬುದು ಅವರ ಆಶಯ. ಹಿರಿಯರ ಮಾತು, ನಾವು ಹೊತ್ತುಕೊಂಡು ಹೊರಟೆವು.

ಒಂದು ಕಾಲದಲ್ಲಿ ಸೈಕಲ್ಲುಗಳ ಊರೆಂದೇ ಪುಣೆಗೆ ಹೆಸರು. ಇಂದು ರಸ್ತೆ ದಾಟುವುದೇ ಒಂದು ಸಾಹಸ. ಆದರೂ ಲೋಹವನ್ನು ಬೆಳಗುವ ವಿದ್ಯೆ ಅಲ್ಲಿಂದ ಪೂರ್ತಿ ತೊಲಗಿಲ್ಲ. ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ ಪೇಶ್ವೆಯರ ಕಾಲದಿಂದ ನೆಲೆಸಿದ ತಾಮ್ರಗಾರರ ಮನೆತನಗಳಲ್ಲಿ ಕೆಲವು ಇನ್ನೂ ಉಳಿದಿವೆ. ಓಣಿಯ ತುಂಬ ಸುತ್ತಿಗೆಯ ಸದ್ದು. ಅಲ್ಲಿ ನಿಂತಾಗ ನಮಗೆ ನೆನಪಾದದ್ದು ನಮ್ಮೂರ ಚಾವಡಿಯ ಮುಂದೆ ತಿದಿ ಹೂಡುತ್ತಿದ್ದ ಕಲಾಯಿಯವನು. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಕರಗಿದ ತವರವನ್ನು ಅರಳೆಯಿಂದ ಒಮ್ಮೆ ಬಳಿದನೆಂದರೆ ಹಿತ್ತಾಳೆಯ ಒಡಲು ಬೆಳ್ಳಿಯಾಗುತ್ತಿತ್ತು. ತವರ 232 ಡಿಗ್ರಿ ಸೆಂಟಿಗ್ರೇಡಿಗೇ ಕರಗುತ್ತದೆ, ಆದುದರಿಂದ ಇದ್ದಲಿನ ಒಲೆ ಸಾಕು. ಕ್ರೋಮಿಯಮ್ಮಿನ ಮಾತು ಬೇರೆ. ಅದನ್ನು ಕರಗಿಸಿ ಬಳಿಯಲು ಬಾರದು, ವಿದ್ಯುತ್ತಿನಿಂದಲೇ ಅಂಟಿಸಬೇಕು. ಕಲಾಯಿ ಊಟದ ಪಾತ್ರೆಯನ್ನು ಕಿಲುಬಿನಿಂದ ಕಾಯುತ್ತಿತ್ತು. ಗಿಲೀಟಿನ ಕೆಲಸವೂ ಮೂಲತಃ ಕಾಯುವುದೇ, ಆದರೆ ನಾವು ಅದರ ಹೊಳಪಿಗೆ ಮಾತ್ರ ಹಣ ತೆರುತ್ತೇವೆ.

ಮರುದಿನ ಬೆಳಿಗ್ಗೆ, ಮೊದಲೇ ತಿಳಿಸಿದ್ದಂತೆ, ಕರ್ವೆನಗರದ ವಿಕ್ರಮ ಪೇಂಡ್ಸೆ ಸೈಕಲ್ ಸಂಗ್ರಹಾಲಯಕ್ಕೆ ಹೋದೆವು. ಹಳೆಯ ಸೈಕಲ್ಲುಗಳೊಡನೆ ಅವುಗಳ ದೀಪ, ಬೆಲ್ಲು, ಪಂಪುಗಳೂ ಇರುವ ಈ ಖಾಸಗಿ ಸಂಗ್ರಹವನ್ನು ಪುಣೆಗೆ ಹೋದ ನಮ್ಮವರು ತಪ್ಪದೆ ನೋಡಬೇಕು. ಒಂದೇ ಸಾಲಿನಲ್ಲಿ ನಿಂತ ಸೈಕಲ್ಲುಗಳ ಹೊಳಪು ಒಂದೇ ಬಗೆಯದಲ್ಲವೆಂಬುದು ಅಲ್ಲಿ ನಮ್ಮ ಗಮನಕ್ಕೆ ಬಂತು. ಸುಮಾರು 1930ಕ್ಕಿಂತ ಹಿಂದಿನ ಸೈಕಲ್ಲುಗಳ ಹೊಳೆಯುವ ಭಾಗಗಳಿಗೆ ಇದ್ದುದು ನಿಕಲ್ ಲೇಪ. ಅದರ ಬೆಳಕಿನಲ್ಲಿ ತುಸು ಹಳದಿ ಬೆರೆತಿರುತ್ತದೆ, ತುಪ್ಪದ ದೀಪದ ಹಾಗೆ. ಗಾಳಿಗೆ ಮಸಕಾಗುವುದರಿಂದ ಆಗಾಗ ಉಜ್ಜಬೇಕು. ಆ ನಂತರ ಬಂದ ಕ್ರೋಮಿನದು ನೀಲಿ ಛಾಯೆಯ ತಣ್ಣನೆಯ ಹೊಳಪು, ಮಸಕಾಗದು. ಇದನ್ನು ತಿಳಿಯದೆ 1920ರ ಸೈಕಲ್ಲಿಗೆ ಕ್ರೋಮು ಹಾಕಿಸಿದರೆ ಅಜ್ಜಿಗೆ ಮೊಮ್ಮಗಳ ಸೀರೆ ಉಡಿಸಿದಂತಾಗುತ್ತದೆ.

ಇದಕ್ಕಿಂತಲೂ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಎರಡನೆಯ ಮಹಾಯುದ್ಧದ ಬಿ.ಎಸ್.ಎ. ಪ್ಯಾರಾಟ್ರೂಪರ್ ಸೈಕಲ್ಲು. ವಿಮಾನದಿಂದ ಧುಮುಕುವ ಸೈನಿಕರ ಸಲುವಾಗಿ ನಡುವೆ ಮಡಚುವಂತೆ ಮಾಡಿದ ಚೌಕಟ್ಟು. ಪೆಡಲುಗಳ ಜಾಗದಲ್ಲಿ ಕೇವಲ ಎರಡು ಗೂಟಗಳು. ಮೈಮೇಲೆ ಎಲ್ಲಿಯೂ ಮಿಂಚಿಲ್ಲ. ಮಿಂಚಿದ್ದರೆ ಶತ್ರುವಿಗೆ ಸುಳಿವು ಸಿಕ್ಕೀತು. ಯುದ್ಧದ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಸಾಮಾನ್ಯ ಜನರಿಗಾಗಿ ತಯಾರಾದ ಸೈಕಲ್ಲುಗಳಿಗೂ ಹೊಳಪಿರಲಿಲ್ಲ. ನಿಕಲ್ಲು, ಕ್ರೋಮುಗಳು ಶಸ್ತ್ರಾಸ್ತ್ರಗಳಿಗೆ ಬೇಕಾಗಿದ್ದುದರಿಂದ ಹ್ಯಾಂಡಲು, ರಿಮ್ಮುಗಳಿಗೂ ಕಪ್ಪು ಬಣ್ಣವನ್ನೇ ಬಳಿದರು. ಅಂಥ ಸೈಕಲ್ಲಿನ ಹ್ಯಾಂಡಲನ್ನು ಇಂದು ಯಾರಾದರೂ ಥಳಥಳಿಸುವಂತೆ ಮಾಡಿದರೆ ಅದು ಯುದ್ಧವನ್ನು ಕಂಡ ಗುರುತೇ ಅಳಿಸಿಹೋಗುತ್ತದೆ.

ಪೂರ್ತಿ ಚೌಕಟ್ಟಿಗೆ ಕ್ರೋಮು ಹಾಕುವ ರೂಢಿ ಇರಲೇ ಇಲ್ಲವೆಂದಲ್ಲ. ಇಟಲಿ, ಫ್ರಾನ್ಸ್, ಅಮೆರಿಕೆಗಳ ಪಂದ್ಯದ ಸೈಕಲ್ಲುಗಳಲ್ಲಿ ಅದುಂಟು. ಚಕ್ರದ ನಟ್ಟು ಕಚ್ಚುವ ತುದಿಗಳಲ್ಲಿ ಬಣ್ಣ ಬೇಗ ಎದ್ದುಹೋಗುವುದರಿಂದ ಅಷ್ಟು ಭಾಗಕ್ಕೆ ಮಾತ್ರ ಕ್ರೋಮು ಹಾಕಿದವರೂ ಇದ್ದಾರೆ. ಆದರೆ ಮಾಸ್ತರರು, ಟಪಾಲಿನವರು, ಹಾಲಿನವರು ತುಳಿದ ಸೈಕಲ್ಲಿನ ಮೈ ಒಲೆಯಲ್ಲಿ ಸುಟ್ಟು ಗಟ್ಟಿ ಮಾಡಿದ ಕಪ್ಪು ಎನಾಮಲು, ಅದರ ಮೇಲೆ ಕೂದಲೆಳೆಯ ಬಂಗಾರದ ಗೆರೆ. ಅದೇ ಅದರ ಪೋಷಾಕು.

ಮಧ್ಯಾಹ್ನ ಭೋಸರಿಯ ಔದ್ಯೋಗಿಕ ವಸಾಹತಿನ ಒಂದು ಗಿಲೀಟು ಕಾರ್ಖಾನೆಗೆ ಹೋದೆವು. ಮುಂಬಾಗಿಲಲ್ಲಿಯೇ ಬಫ್ ಯಂತ್ರಗಳು. ಕತ್ತಾಳೆ ನಾರಿನ, ಬಟ್ಟೆಯ ಗಾಲಿಗಳು ಗರಗರ ತಿರುಗುತ್ತವೆ; ಹಸಿರು ಮೇಣದ ಗಟ್ಟಿಯನ್ನು ಗಾಲಿಗೆ ಹಚ್ಚಿ ಕಬ್ಬಿಣವನ್ನು ಒತ್ತಿ ಹಿಡಿಯುತ್ತಾರೆ. ಹೊಳಪಿನ ಮುಕ್ಕಾಲು ಪಾಲು ಇಲ್ಲಿಯೇ ನಿರ್ಧಾರವಾಗುತ್ತದೆ. ತಳದಲ್ಲಿ ಗೀರಿದ್ದರೆ ಮೇಲಿನ ಲೇಪದಲ್ಲಿಯೂ ಗೀರು ಕಂಡೇ ಕಾಣುತ್ತದೆ. ಆ ಯಂತ್ರದ ಬಳಿ ನಿಂತಿದ್ದ ಅರವತ್ತೈದರ ಹಿರಿಯರೊಬ್ಬರು ನಮ್ಮ ಮರಾಠಿಯ ಎಳೆತವನ್ನು ಕೇಳಿ, "ಯಾವೂರ್ರಿ ಮಾಸ್ತರ್ರ?" ಎಂದು ಕನ್ನಡದಲ್ಲಿ ಕೇಳಿಬಿಟ್ಟರು. ಮೈಂದರ್ಗಿಯ ಕಡೆಯವರಂತೆ. ಅಂದಿನಿಂದ ಅವರು ನಮಗೆ ಕಾಕಾ.

ವಿದ್ಯುಲ್ಲೇಪನವನ್ನು ನಾವು ಶಾಲೆಯಲ್ಲಿ ಕಲಿಸುತ್ತ ಬಂದಿದ್ದೇವೆ. ತೊಟ್ಟಿಗಳ ಸಾಲನ್ನು ಕಣ್ಣಾರೆ ಕಂಡಾಗ ಪಾಠಕ್ಕೆ ಜೀವ ಬಂತು. ಮೊದಲು ತಾಮ್ರ, ಆ ಬಳಿಕ ನಿಕಲ್ಲು, ಕೊನೆಗೆ ಕ್ರೋಮು. ನಿಕಲ್ಲಿನ ಪದರ 10ರಿಂದ 30 ಮೈಕ್ರಾನು. ತುಕ್ಕಿನಿಂದ ಕಾಯುವುದು ಅದೇ. ಕ್ರೋಮಿನ ಪದರ ಕಾಲು ಮೈಕ್ರಾನಿನಷ್ಟು, ಅಂದರೆ ತಲೆಗೂದಲಿನ ದಪ್ಪದ ಇನ್ನೂರರಲ್ಲಿ ಒಂದು ಪಾಲಿಗಿಂತಲೂ ತೆಳು. ನಿಕಲ್ಲಿನ ತೊಟ್ಟಿಯಲ್ಲಿ ಧನಾಗ್ರವಾಗಿ ಇಳಿಬಿಟ್ಟ ನಿಕಲ್ಲು ತಾನೇ ಕರಗಿ ಬರುತ್ತದೆ. ಕ್ರೋಮಿನ ತೊಟ್ಟಿಯಲ್ಲಿಯೋ ಧನಾಗ್ರ ಸೀಸದ ಹಲಗೆ. ಲೋಹ ಬರುವುದು ನೀರಿನಲ್ಲಿ ಕರಗಿದ ಕ್ರೋಮಿಕ್ ಆಮ್ಲದಿಂದ. ಲೀಟರಿಗೆ 250 ಗ್ರಾಮಿನಷ್ಟು ಆಮ್ಲ, ಅದರ ನೂರರಲ್ಲಿ ಒಂದು ಪಾಲು ಗಂಧಕಾಮ್ಲ. ಹರಿಸಿದ ವಿದ್ಯುತ್ತಿನಲ್ಲಿ ಲೋಹವನ್ನು ಕೂರಿಸುವುದಕ್ಕೆ ಸಲ್ಲುವುದು ನೂರರಲ್ಲಿ 10ರಿಂದ 20 ಪಾಲು ಮಾತ್ರ. ಉಳಿದದ್ದರ ಬಹುಪಾಲು ಜಲಜನಕದ ಗುಳ್ಳೆಗಳನ್ನೆಬ್ಬಿಸುತ್ತದೆ. ಗುಳ್ಳೆ ಒಡೆದಾಗ ಆಮ್ಲದ ಮಂಜು ಗಾಳಿಗೆ ಸೇರುತ್ತದೆ, ಗಾಳಿಯಿಂದ ಮನುಷ್ಯನ ಮೂಗಿಗೆ.

ಕಾಕಾ ಹಿಂದೆ ಬೇರೊಂದು ಕಡೆ ಕ್ರೋಮಿನ ತೊಟ್ಟಿಯ ಮೇಲೆಯೇ 22 ವರ್ಷ ದುಡಿದವರು. ಹೊಗೆ ಎಳೆಯುವ ಪಂಖವಾಗಲಿ, ಮುಖಕ್ಕೆ ಪಟ್ಟಿಯಾಗಲಿ ಅಲ್ಲಿರಲಿಲ್ಲ. ಬೆರಳ ಸಂದುಗಳಲ್ಲಿ ಕಡಲೆಕಾಳಿನಷ್ಟಗಲದ ಹಳೆಯ ಹುಣ್ಣಿನ ಕುಳಿಗಳಿದ್ದವು. "ಮೂಗಿನ ನಡುವಿನ ಗ್ವಾಡಿ ತೂತ ಬಿದ್ದದ್ರಿ ಮಾಸ್ತರ್ರ. ಮಲ್ಲಿಗಿ ವಾಸನಿ ಹೆಂಗಿತ್ತಂತ ಮರತೇನಿ" ಎಂದರು, ಹವೆಯ ಮಾತಾಡುವಷ್ಟು ಸಹಜವಾಗಿ. ಆರು ವೇಲೆನ್ಸಿಯ ಕ್ರೋಮಿಯಂ ಚರ್ಮವನ್ನು ಕೊರೆಯುತ್ತದೆ, ಮೂಗಿನ ಪೊರೆಯನ್ನು ತೂತು ಮಾಡುತ್ತದೆ, ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗುತ್ತದೆ. ಯೂರೋಪಿನ ಒಕ್ಕೂಟದಲ್ಲಿ 2017ರ ಸೆಪ್ಟೆಂಬರಿನಿಂದ ವಿಶೇಷ ಅನುಮತಿಯಿಲ್ಲದೆ ಈ ಆಮ್ಲವನ್ನು ಬಳಸುವಂತಿಲ್ಲ. ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯೊಂದು ಬಿಟ್ಟುಹೋದ ಸುಮಾರು 1.5 ಲಕ್ಷ ಟನ್ ಕಸ ಅಂತರ್ಜಲವನ್ನು ಕೆಡಿಸಿದ ಕಥೆ ಪತ್ರಿಕೆಗಳಲ್ಲಿ ಬಂದಿದೆ. ಅಂದಹಾಗೆ ಕ್ರೋಮಿನ ಅದಿರು ದೂರದ್ದೇನಲ್ಲ. ನಮ್ಮ ದೇಶದಲ್ಲಿ ಹೆಚ್ಚಿನದು ಒಡಿಶಾದ ಸುಕಿಂದಾದ್ದಾದರೂ ಹಾಸನ ಜಿಲ್ಲೆಯ ಬೈರಾಪುರದಲ್ಲಿಯೂ ಅದರ ಗಣಿಯಿದೆ.

ಚೌಕಟ್ಟನ್ನು ಗೋಣಿಯಿಂದ ಹೊರತೆಗೆದಾಗ ಕಾಕಾ ಅದನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟರು. "ಇದಕ್ಕ ಕ್ರೋಮ್ ಹಾಕ್ರಂತ ಹೇಳ್ದವ್ರ ಯಾರ್ರಿ? ಕೊಳವಿ ಒಳಗ ಆಸಿಡ್ ಹೊಕ್ಕತಂದ್ರ ಹೊರಗ ಬರಂಗಿಲ್ಲ. ಮ್ಯಾಲ ಕನ್ನಡಿ, ಒಳಗ ಗೆದ್ದಲ." ಲೇಪಕ್ಕೆ ಮುನ್ನ ತುಕ್ಕು ತೆಗೆಯಲು ಆಮ್ಲದಲ್ಲಿ ಅದ್ದಲೇಬೇಕು. ಕೀಲುಗಳ ಬಳಿಯ ಸಣ್ಣ ರಂಧ್ರಗಳಿಂದ ಒಳಸೇರಿದ ಆಮ್ಲ ಅಲ್ಲಿಯೇ ಕುಳಿತು ಒಳಗಿನಿಂದ ಕೊಳವೆಯನ್ನು ತಿನ್ನುತ್ತದೆ. ಹ್ಯಾಂಡಲಾದರೆ ಎರಡೂ ತುದಿ ತೆರೆದಿರುವುದರಿಂದ ತೊಳೆದು ಒಣಗಿಸಬಹುದು. ಸೀಟಿನ ಸ್ಪ್ರಿಂಗುಗಳಿಗಂತೂ ಗಿಲೀಟು ಹಾಕಿಸಲೇಬಾರದು ಎಂದರು ಅವರು. ಜಲಜನಕ ಹೊಕ್ಕ ಗಟ್ಟಿ ಉಕ್ಕು ಪೆಡಸಾಗಿ ಒಮ್ಮೆಲೇ ಮುರಿಯುತ್ತದೆ. ಕೂಡಲೇ 190 ಡಿಗ್ರಿಯ ಒಲೆಯಲ್ಲಿ ಕೆಲವು ತಾಸು ಕಾಯಿಸಿದರೆ ಮಾತ್ರ ಆ ದೋಷ ಕಳೆಯುತ್ತದೆ.

ಕಾರ್ಖಾನೆಯ ಮಾಲೀಕರು ಇನ್ನೊಂದು ದಾರಿ ತೋರಿಸಿದರು: ಆಮ್ಲದ ಸ್ನಾನವಿಲ್ಲದೆ, ಬಣ್ಣ ಸಿಂಪಡಿಸುವಂತೆ ಬೆಳ್ಳಿಯ ದ್ರಾವಣವನ್ನು ಸಿಂಪಡಿಸಿ ಮೇಲೆ ಪಾರದರ್ಶಕ ಲ್ಯಾಕರು ಹಾಕುವುದು. ನೋಡಲು ಕ್ರೋಮಿನಂತೆಯೇ. ಒಂಬತ್ತನೆಯ ತರಗತಿಯ ಮಕ್ಕಳು ಪರೀಕ್ಷಾನಾಳದಲ್ಲಿ ಬೆಳ್ಳಿಯ ಕನ್ನಡಿ ಮೂಡಿದಾಗ ಚಪ್ಪಾಳೆ ತಟ್ಟುವರಲ್ಲವೇ, ಅದೇ ರಸಾಯನ. ಪಡಸಾಲೆಯ ಗೊಂಬೆಗೆ ಅದು ಸಾಕು. ಬಿಸಿಲಿಗೆ ಲ್ಯಾಕರು ಹಳದಿಯಾಗುತ್ತದೆ, ಗೀರು ಬಿದ್ದರೆ ತೇಪೆ ಹಾಕಲಾಗದು. ಎಲ್ಲಕ್ಕೂ ಮಿಗಿಲಾಗಿ, ಬಳಿಯುವ ಮುನ್ನ ಹಳೆಯ ಕಪ್ಪನ್ನು ಉಜ್ಜಿ ನುಣುಪು ಮಾಡಬೇಕು. ಮೇಲಿನ ಕೊಳವೆಯ ನಡುವೆ ಒಂದು ಗೇಣಿನಷ್ಟು ಜಾಗದಲ್ಲಿ ಬಣ್ಣ ಸವೆದಿತ್ತು. ನಾವು ಅಣ್ಣತಮ್ಮಂದಿರು ಸರದಿಯಲ್ಲಿ ಕೂತು ಶಾಲೆಗೆ ಹೋಗುತ್ತಿದ್ದ ಜಾಗವದು. ಚೌಕಟ್ಟನ್ನು ತಿರುಗಿ ಗೋಣಿಗೆ ಹಾಕಿದೆವು. ಅಗ್ರಜರಿಗೆ ಅಲ್ಲಿಂದಲೇ ದೂರವಾಣಿಯಲ್ಲಿ ಕಾಕಾ ಅವರ ಮಾತನ್ನೇ ಕೇಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹ್ಯಾಂಡಲರೆ ಮಾಡಿಸು" ಎಂದರು.

ಹ್ಯಾಂಡಲು ಸಿದ್ಧವಾಗುವವರೆಗೆ ಕಾಕಾ ನಮ್ಮನ್ನು ಹಿತ್ತಲಿನ ಶುದ್ಧೀಕರಣದ ತೊಟ್ಟಿಗೆ ಕರೆದೊಯ್ದರು. ತೊಳೆದ ನೀರು ಅರಿಸಿನದ ಬಣ್ಣದ್ದು. ಅದಕ್ಕೆ ಸೋಡಿಯಂ ಬೈಸಲ್ಫೈಟ್ ಹಾಕಿದಾಗ ಆರು ವೇಲೆನ್ಸಿಯದು ಮೂರಕ್ಕಿಳಿದು ಹಸಿರಾಗುತ್ತದೆ. ಸುಣ್ಣ ಬೆರೆಸಿದರೆ ಹಸಿರು ಕೆಸರಾಗಿ ತಳಕ್ಕೆ ಕೂರುತ್ತದೆ. ಕೆಸರನ್ನು ಅಪಾಯಕರ ಕಸದ ಪ್ರತ್ಯೇಕ ನೆಲೆಗೆ ಸಾಗಿಸಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಮಿಗಿಂತ ಹೆಚ್ಚು ಕ್ರೋಮಿಯಂ ಇರಕೂಡದು. ಈ ಶ್ರಮವನ್ನು ಉಳಿಸಲು ಯಾವನಾದರೂ ರಾತ್ರಿ ತೂಬು ಬಿಚ್ಚಿದರೆ, ಭೋಸರಿಯ ಸುತ್ತಿನ ನೀರು ಸೇರುವುದು ಇಂದ್ರಾಯಣಿ, ಪವನೆಗಳನ್ನು. ಅವು ಸೇರುವುದು ಭೀಮೆಯನ್ನು. ಭೀಮೆ ನಿಲ್ಲುವುದು ಉಜನಿಯಲ್ಲಿ. ಗಿಲೀಟು ಹಾಕಿಸುವವರು ದರ ಕೇಳುವುದಕ್ಕಿಂತ ಮೊದಲು ಹಿತ್ತಲಿನ ತೊಟ್ಟಿಯನ್ನು ತೋರಿಸಿರೆಂದು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಫೋರ್ಕಿನ ಟೊಪ್ಪಿಗೆಗಳಿಗೆ ತೊಟ್ಟಿಯೇ ಬೇಕಾಗಲಿಲ್ಲ. ಕಾಕಾ ಕಲಿಸಿಕೊಟ್ಟ ರೀತಿಯಲ್ಲಿ ಊರಿಗೆ ಬಂದು ನಾವೇ ಬೆಳಗಿದೆವು. ತುಕ್ಕಿನ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಬೇಕು. ಮರುದಿನ ಊಟದ ಪೊಟ್ಟಣಕ್ಕೆ ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ಮುದುಡಿ, ನೀರಿನಲ್ಲಿ ಅದ್ದಿ, ಮೆಲ್ಲಗೆ ತಿಕ್ಕಬೇಕು. ಅಲ್ಯುಮಿನಿಯಂ ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ. ಕಂದು ಕೊಳೆ ಮಾತ್ರ ಎದ್ದುಬರುತ್ತದೆ. ಪಾಯಿಖಾನೆ ತೊಳೆಯುವ ಆಸಿಡ್ಡನ್ನು ಹತ್ತಿರವೂ ತರಬಾರದು. ಹೈಡ್ರೋಕ್ಲೋರಿಕ್ ಆಮ್ಲ ತುಕ್ಕಿನೊಡನೆ ಕ್ರೋಮನ್ನೂ ಕರಗಿಸಿಬಿಡುತ್ತದೆ. ಕಪ್ಪು ಭಾಗಗಳಿಗೆ ಸಾಬೂನಿನ ನೀರು, ಮೆತ್ತನೆಯ ಪಂಚೆಯ ತುಂಡು ಸಾಕು. ಥಿನ್ನರ್ ಮುಟ್ಟಿಸಿದರೆ ಬಂಗಾರದ ಅಕ್ಷರಗಳು ಹೋಗುತ್ತವೆ. ಕೊನೆಗೆ ಚೆನ್ನಾಗಿ ಒಣಗಿಸಿ ಮೋಟಾರಿಗೆ ಹಚ್ಚುವ ಮೇಣವನ್ನು ತೆಳ್ಳಗೆ ಸವರಬೇಕು. ನಮ್ಮ ಒಣ ಸೀಮೆಯಲ್ಲಿ ವರುಷಕ್ಕೆ ಎರಡು ಸಲ ಹಚ್ಚಿದರೆ ಆಯಿತು. ಕಾಸರಗೋಡಿನ ಕಡಲ ಗಾಳಿಯಲ್ಲಿರುವ ವಾಚಕರು ತಿಂಗಳಿಗೊಮ್ಮೆ ಹಚ್ಚುವುದು ಲೇಸು. ಮಳೆಗಾಲದಲ್ಲಿ ಸೈಕಲ್ಲನ್ನು ಗೋಣಿತಟ್ಟಿನಿಂದ ಮುಚ್ಚಿಡಬಾರದು, ಗೋಣಿ ಹಿಡಿದಿಟ್ಟ ತೇವವೇ ಅದಕ್ಕೆ ಮುಳುವಾಗುತ್ತದೆ.